ಎಂಬತ್ತೈದು ಸೆಂಟಿಮೀಟರ್ ಆಳದ ಗಣಿ

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಜೋಗ ಜಲಪಾತದ ಎತ್ತರ 253 ಮೀಟರ್. ಅಂಥ ಹನ್ನೆರಡೂವರೆ ಜೋಗಗಳನ್ನು ಒಂದರ ಕೆಳಗೊಂದು ಇಳಿಬಿಟ್ಟರೆ ಗಣಿಯ ತಳ ಮುಟ್ಟುತ್ತವೆ. ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ, ಸಮುದ್ರ ಮಟ್ಟದಿಂದ 1,930 ಮೀಟರ್. ಆ ಎತ್ತರವನ್ನಷ್ಟೂ ಈ ಗುಂಡಿಯೊಳಗೆ ಇಳಿಸಿದರೂ ಮೇಲೆ 1,270 ಮೀಟರ್ ಖಾಲಿ ಉಳಿಯುತ್ತದೆ. ದುಬೈನ ಬುರ್ಜ್ ಖಲೀಫಾದಂಥ ಮೂರು ಕಟ್ಟಡಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಮೂರೂ ಮುಳುಗಿಹೋಗುತ್ತವೆ. ನಾಲ್ಕನೆಯದರ ತುದಿ ಮಾತ್ರ ನೂರು ಮೀಟರಿನಷ್ಟು ಹೊರಗೆ ಇಣುಕೀತು.

ಜಾನ್ ಟೇಲರ್ ಕಂಪನಿ ಬಂದ 1880ರಿಂದ ಗಣಿ ಮುಚ್ಚಿದ 2001ರ ಫೆಬ್ರವರಿ 28ರವರೆಗೆ ಈ ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್. ಇಷ್ಟನ್ನೂ ಕರಗಿಸಿ ಒಂದೇ ಗಟ್ಟಿ ಮಾಡಿದರೆ ಎಷ್ಟು ಜಾಗ ಬೇಕು ಗೊತ್ತೇ? ಹನ್ನೊಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಕೋಣೆ ಸಾಕು. ನೂರಿಪ್ಪತ್ತು ವರ್ಷದ ದುಡಿಮೆಯೆಲ್ಲ ಒಂದು ಮಲಗುವ ಕೋಣೆಯೊಳಗೆ ಮುಗಿದುಹೋಗುತ್ತದೆ.

ಆದರೆ ಕೆಜಿಎಫ್‌ನಲ್ಲಿ, ಅದರಲ್ಲೂ ಆಂಡರ್ಸನ್‌ಪೇಟೆಯಂಥ ಹಳೆಯ ಪೇಟೆಯಲ್ಲಿ, ಇದಕ್ಕಿಂತ ಅಪಾಯದ ಆಳ ಇನ್ನೊಂದಿದೆ. ಅದು 85 ಸೆಂಟಿಮೀಟರ್.

ಐದಡಿ ಚಿಲ್ಲರೆ ಎತ್ತರದ ಅಜ್ಜಿ ನಿಂತಿದ್ದಾಗ ಅವರ ಮೈಭಾರದ ನಡುಬಿಂದು ನೆಲದಿಂದ ಸುಮಾರು 85 ಸೆಂಟಿಮೀಟರ್ ಮೇಲಿರುತ್ತದೆ, ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ. ಬಚ್ಚಲಿನಲ್ಲಿ ಜಾರಿದರೆ, ಹೊಸ್ತಿಲು ಎಡವಿದರೆ, ಅವರು ಬೀಳುವ ಪ್ರಪಾತ ಅಷ್ಟೇ. ಊಟದ ಮೇಜಿನ ಎತ್ತರಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಗಣಿಯ ಕೇಜಿನಲ್ಲಿ ನಿಂತು ಕಿಲೋಮೀಟರುಗಟ್ಟಲೆ ಪಾತಾಳಕ್ಕೆ ಇಳಿದು, ಪಾಳಿ ಮುಗಿಸಿ, ಮತ್ತೆ ಬಿಸಿಲಿಗೆ ಬಂದು ಇಡೀ ಜೀವಮಾನ ಕಳೆದವರು ಈ 85 ಸೆಂಟಿಮೀಟರಿಗೆ ಸೋಲುತ್ತಾರೆ. ಗಣಿ ಮುಚ್ಚಿದ ದಿನ 50 ವರ್ಷ ಆಗಿದ್ದವರಿಗೆ ಈಗ 75ರ ಆಸುಪಾಸು. ಬೀಳುವ ವಯಸ್ಸು ಈಗಷ್ಟೇ ಶುರು.

ಒಂದು ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಕೆಜಿಎಫ್ ನಗರದ ಜನಸಂಖ್ಯೆ ಸುಮಾರು 1.6 ಲಕ್ಷ. ಅದೇ ಗಣತಿಯ ಪ್ರಕಾರ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆ. ರಾಜ್ಯದ ಸರಾಸರಿಯನ್ನೇ ಈ ಊರಿಗೂ ಹಚ್ಚಿದರೆ ಸುಮಾರು 15 ಸಾವಿರ ಹಿರಿಯರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 65 ದಾಟಿದವರಲ್ಲಿ ವರ್ಷಕ್ಕೆ ನೂರಕ್ಕೆ 28ರಿಂದ 35 ಮಂದಿ ಒಮ್ಮೆಯಾದರೂ ಬೀಳುತ್ತಾರೆ. ನಾವು ಕೈ ಬಿಗಿಹಿಡಿದು ನಾಲ್ವರಲ್ಲಿ ಒಬ್ಬರು ಎಂದೇ ಇಟ್ಟುಕೊಳ್ಳೋಣ. 3,750 ಮಂದಿ. ಒಬ್ಬೊಬ್ಬರು ಬೀಳುವುದು ಒಂದೇ ಸಲ, ಬೀಳುವ ಆಳ 85 ಸೆಂಟಿಮೀಟರ್. ಈ ಬೀಳುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ.

3,187 ಮೀಟರ್!

ಚಾಂಪಿಯನ್ ರೀಫ್‌ನ ತಳಕ್ಕೆ ಇನ್ನು 13 ಮೀಟರ್ ಮಾತ್ರ ಬಾಕಿ. ಮತ್ತೆ ಹದಿನೈದು ಮಂದಿ ಎಡವಿದರೆ ಅದೂ ಮುಗಿಯಿತು. ಇಂಗ್ಲಿಷರು ಬಂಡವಾಳ ತಂದು, ಒಂದು ಕಾಲಕ್ಕೆ 30 ಸಾವಿರ ಮಂದಿಯನ್ನು ದುಡಿಸಿ, ಶಿವನಸಮುದ್ರದಿಂದ ಕರೆಂಟು ಎಳೆಸಿ, ದಶಕಗಟ್ಟಲೆ ತೋಡಿಸಿದ ಆಳವನ್ನು ಈ ಊರಿನ ಅಜ್ಜ ಅಜ್ಜಿಯರು ಒಂದೇ ವರ್ಷದಲ್ಲಿ ಬಿದ್ದು ಮುಗಿಸುತ್ತಾರೆ. ಮರುವರ್ಷ ಮತ್ತೆ ಹೊಸದಾಗಿ ಶುರು. ಗಣಿಯ ಆಳಕ್ಕೆ ನಕ್ಷೆ ಇದೆ, ದಾಖಲೆ ಇದೆ. ಅಜ್ಜಿ ಬಿದ್ದದ್ದಕ್ಕೆ ಯಾವ ರಿಜಿಸ್ಟರೂ ಇಲ್ಲ. ಮಗ ಬೈದಾನು, ಸೊಸೆ ಸ್ನಾನಕ್ಕೆ ಕಾವಲು ನಿಂತಾಳು ಎಂದು ಅಜ್ಜಿಯೂ ಬಾಯಿ ಬಿಡುವುದಿಲ್ಲ.

ನಿಂತ ನಿಲುವಿನಿಂದ ನೆಲ ಮುಟ್ಟಲು ಬೇಕಾಗುವ ಸಮಯ ಹೆಚ್ಚೆಂದರೆ ಒಂದು ಸೆಕೆಂಡು. ಅಷ್ಟರಲ್ಲಿ ಸೊಂಟ ಪಡೆಯುವ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಂದರೆ ಗಂಟೆಗೆ ಹತ್ತು ಕಿಲೋಮೀಟರಿಗೂ ಮಿಗಿಲು. ವರ್ಷಗಟ್ಟಲೆ ಗಂಟೆಗೆ ಎರಡು ಮೂರು ಕಿಲೋಮೀಟರಿನ ಮೇಲೆ ನಡೆದೇ ಇರದ ಅಜ್ಜಿ ಒಂದು ಸೆಕೆಂಡಿನಲ್ಲಿ ಓಟಗಾರರ ವೇಗ ಮುಟ್ಟುತ್ತಾರೆ, ಅದೂ ಅಡ್ಡಡ್ಡಲಾಗಿ, ಕೆಂಪು ಗಾರೆ ನೆಲದ ಕಡೆಗೆ. ನೆಲ ತಾಕಿದ ಆ ಗಳಿಗೆಯಲ್ಲಿ ತೊಡೆಮೂಳೆಯ ಕತ್ತಿನ ಮೇಲೆ ಬೀಳುವ ಬಲ ಕೆಲವು ಸಾವಿರ ನ್ಯೂಟನ್. ನಮ್ಮ ಭಾಷೆಯಲ್ಲಿ, ಐವತ್ತು ಕಿಲೋದ ಆರು ಮೂಟೆ ಅಕ್ಕಿಯನ್ನು ಒಂದೇ ಏಟಿಗೆ ಆ ಮೂಳೆಯ ಮೇಲೆ ಹೇರಿದ ಹಾಗೆ.

ಇಷ್ಟಾದರೂ ಆಶ್ಚರ್ಯ ಪಡಬೇಕಾದದ್ದು ನಾವು ಬೀಳುತ್ತೇವೆ ಎಂಬುದಕ್ಕಲ್ಲ, ಬೀಳದೆ ಹೇಗೆ ಉಳಿಯುತ್ತೇವೆ ಎಂಬುದಕ್ಕೆ. ನಡೆಯುವಾಗ ಮುಂದಕ್ಕೆ ಬೀಸಿದ ಕಾಲಿನ ಹೆಬ್ಬೆರಳು ನೆಲದಿಂದ ಎಷ್ಟು ಮೇಲೆ ಹಾದುಹೋಗುತ್ತದೆ? ತೀರಾ ಹತ್ತಿರ ಬಂದಾಗ ಒಂದೂವರೆ ಸೆಂಟಿಮೀಟರ್, ಅಷ್ಟೇ. ಒಂದು ಕಿರುಬೆರಳಿನ ದಪ್ಪ. ಮನೆಯೊಳಗೇ ಸುಳಿದಾಡುವ ಅಜ್ಜಿ ದಿನಕ್ಕೆ ಮೂರು ಸಾವಿರ ಹೆಜ್ಜೆ ಹಾಕುತ್ತಾರೆ ಎಂದಿಟ್ಟುಕೊಂಡರೆ ವರ್ಷಕ್ಕೆ ಹತ್ತಿರಹತ್ತಿರ 11 ಲಕ್ಷ ಸಲ ಆ ಹೆಬ್ಬೆರಳು ಕಿರುಬೆರಳಿನ ಅಂತರದಲ್ಲಿ ನೆಲ ತಪ್ಪಿಸಿಕೊಂಡು ಹೋಗುತ್ತದೆ. ವರ್ಷಕ್ಕೊಮ್ಮೆ ಬಿದ್ದರೆ 11 ಲಕ್ಷಕ್ಕೆ ಒಂದು ತಪ್ಪು. ಇಷ್ಟು ಕಡಿಮೆ ತಪ್ಪು ಮಾಡುವ ಗುಮಾಸ್ತ ಯಾವ ಕಚೇರಿಯಲ್ಲಿದ್ದಾನೆ, ಹೇಳಿ.

ಪಾದವೊಂದರಲ್ಲಿ 26 ಮೂಳೆ, ಎರಡಕ್ಕೂ ಸೇರಿ 52. ಇಡೀ ಮೈಯಲ್ಲಿರುವ 206ರಲ್ಲಿ ಕಾಲು ಭಾಗ ಬರೀ ಪಾದಗಳಲ್ಲೇ ಮುಗಿಯಿತು. ಮೇಲೆ ಕಿವಿಯೊಳಗೆ ಇನ್ನೊಂದು ಗಣಿ ಇದೆ. ಅಲ್ಲಿನ ಅದಿರು ಸುಣ್ಣದ ಹರಳುಗಳು, ಒಂದೊಂದೂ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಏಳು ಹರಳನ್ನು ಸಾಲಾಗಿ ಇಟ್ಟರೆ ಒಂದು ತಲೆಗೂದಲಿನ ದಪ್ಪ ಆದೀತು. ಈ ಧೂಳಿನ ಕಣಗಳು ವಾಲಿದ್ದನ್ನು ನೋಡಿಕೊಂಡು ಮಿದುಳು ಐವತ್ತು ಅರವತ್ತು ಕಿಲೋ ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದು ಹೇಗೆಂದು ಕೇಳಬೇಡಿ. ಅದಕ್ಕೆ ಇನ್ನೊಂದು ಲೇಖನ ಬೇಕು.

ಈಗ ಊರು ಬಿಟ್ಟು ಲೋಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಾದ್ಯಂತ ಬಿದ್ದು ಸಾಯುವವರು ವರ್ಷಕ್ಕೆ 6 ಲಕ್ಷ 84 ಸಾವಿರ. ಇದರಲ್ಲಿ ಎಲ್ಲ ವಯಸ್ಸಿನವರೂ ಸೇರಿದ್ದಾರೆ, ಆದರೆ ಅತಿ ಹೆಚ್ಚು ಸಾವು 60 ದಾಟಿದವರದು. ಪ್ರತಿ 46 ಸೆಕೆಂಡಿಗೆ ಒಬ್ಬರು. ನೀವು ಈ ಲೇಖನ ಓದಿ ಮುಗಿಸಲು ಕಾಲು ಗಂಟೆ ತೆಗೆದುಕೊಂಡರೆ ಅಷ್ಟರಲ್ಲಿ ಹತ್ತೊಂಬತ್ತು ಇಪ್ಪತ್ತು ಮಂದಿ. ಇಡೀ ಕೋಲಾರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 15.36 ಲಕ್ಷ ಇತ್ತು: ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಕೆಜಿಎಫ್ ಎಲ್ಲ ಕೂಡಿ. ಲೋಕ ಬೀಳುವ ಈ ಲೆಕ್ಕದಲ್ಲಿ ಎರಡು ವರ್ಷ ಮೂರು ತಿಂಗಳಿಗೆ ಒಂದು ಕೋಲಾರ ಜಿಲ್ಲೆ ಖಾಲಿ.

ಸತ್ತವರದ್ದು ಸಣ್ಣ ಸಂಖ್ಯೆ. ಬಿದ್ದು ಆಸ್ಪತ್ರೆ ಮೆಟ್ಟಿಲು ಹತ್ತಬೇಕಾದಷ್ಟು ಪೆಟ್ಟು ತಿನ್ನುವ ಪ್ರಸಂಗಗಳು ವರ್ಷಕ್ಕೆ 3 ಕೋಟಿ 73 ಲಕ್ಷ. ದಿನಕ್ಕೆ ಒಂದು ಲಕ್ಷದ ಮೇಲೆ. ಕೆಜಿಎಫ್‌ನ ಎಲ್ಲ ಜನರನ್ನೂ, ತೊಟ್ಟಿಲ ಮಗುವಿನಿಂದ ಹಿಡಿದು, ಸಾಲಾಗಿ ನಿಲ್ಲಿಸಿದರೂ ಒಂದೂವರೆ ದಿನದಲ್ಲಿ ಸಾಲು ಮುಗಿದುಹೋಗುತ್ತದೆ. ಇಷ್ಟೂ ಬೀಳುಗಳಿಗೆ ಅದೇ 85 ಸೆಂಟಿಮೀಟರ್ ಹಿಡಿದು ಜೋಡಿಸಿದರೆ 31,700 ಕಿಲೋಮೀಟರ್. ಭೂಮಿಯ ವ್ಯಾಸ 12,742. ಈ ಗುಂಡಿ ಭೂಮಿಯನ್ನು ತೂರಿಕೊಂಡು ಆಚೆ ಬದಿಗೆ ಹೋಗಿ, ಹಿಂದಿರುಗಿ ಬಂದು, ಮತ್ತೆ ಅರ್ಧ ದಾರಿ ಇಳಿಯುತ್ತದೆ.

ಇದರಲ್ಲಿ ಪೆಟ್ಟಾಗದೆ ಎದ್ದು ಸೀರೆ ಕೊಡವಿಕೊಂಡವರು ಸೇರಿಲ್ಲ. ಅವರನ್ನೂ ಸೇರಿಸಿ. 2022ರಲ್ಲಿ ಜಗತ್ತಿನಲ್ಲಿ 65 ದಾಟಿದವರು 77 ಕೋಟಿ. ಅವರಲ್ಲಿ ನೂರಕ್ಕೆ ಮೂವತ್ತು ಮಂದಿ ವರ್ಷಕ್ಕೊಮ್ಮೆ ಮಾತ್ರ ಬಿದ್ದರು ಎಂದರೆ 23 ಕೋಟಿ ಬೀಳು, ಒಟ್ಟು ಆಳ 1 ಲಕ್ಷ 96 ಸಾವಿರ ಕಿಲೋಮೀಟರ್. ಚಂದ್ರನ ಅರ್ಧ ದಾರಿ ಕಳೆದು ಇನ್ನೂ ಮುಂದಕ್ಕೆ! ಎರಡು ವರ್ಷಕ್ಕೊಮ್ಮೆ ಮನುಕುಲದ ಹಿರಿಯರು ಬಚ್ಚಲು, ಹೊಸ್ತಿಲು, ಅಂಗಳಗಳಲ್ಲೇ ಬಿದ್ದು ಚಂದ್ರನನ್ನು ಮುಟ್ಟುತ್ತಾರೆ.

ಮೂಳೆಯ ಲೆಕ್ಕ ಬೇರೆ. ಜಗತ್ತಿನಲ್ಲಿ ಸೊಂಟದ ಮೂಳೆ ಮುರಿಯುವ ಪ್ರಸಂಗಗಳು 1990ರಲ್ಲಿ 16.6 ಲಕ್ಷ, 2050ರ ಹೊತ್ತಿಗೆ ವರ್ಷಕ್ಕೆ 62.6 ಲಕ್ಷ ಆಗಬಹುದೆಂದು 1992ರಲ್ಲೇ ತಜ್ಞರು ಅಂದಾಜು ಮಾಡಿದ್ದರು. ತೊಡೆಮೂಳೆಯ ಉದ್ದ ಒಂದೂವರೆ ಅಡಿಗೆ ತುಸು ಕಡಿಮೆ. 2050ರ ಆ ಒಂದು ವರ್ಷದ ಮುರಿದ ಮೂಳೆಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತ ಹೋದರೆ ಬೆಂಗಳೂರಿನಿಂದ ಹೊರಟ ಸಾಲು ದೆಹಲಿ ದಾಟಿ ಮುಂದಕ್ಕೆ ಹೋಗುತ್ತದೆ. ಇಂಥ ಮೂಳೆ ಮುರಿದ ಹಿರಿಯರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿ ಒಂದು ವರ್ಷ ದಾಟುವುದಿಲ್ಲ.

ಬಿದ್ದವರನ್ನು ನಾವು ಏನು ಮಾಡುತ್ತೇವೆ? ಮಲಗಿಸುತ್ತೇವೆ. "ಅಜ್ಜೀ, ನೀವು ಮಂಚ ಬಿಟ್ಟು ಇಳಿಯಬೇಡಿ, ಎಲ್ಲ ಇಲ್ಲಿಗೇ ತಂದುಕೊಡ್ತೀವಿ." ಪ್ರೀತಿಯ ಮಾತೇ, ಆದರೆ ಇದರ ಬೆಲೆ ಕೇಳಿ. 2007ರಲ್ಲಿ ಅಮೆರಿಕದ ಸಂಶೋಧಕರು ಅರವತ್ತೇಳರ ಆಸುಪಾಸಿನ, ಪೂರಾ ಆರೋಗ್ಯವಂತರಾದ ಹನ್ನೆರಡು ಮಂದಿಯನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದು ನೋಡಿದರು. ಕಾಲುಗಳಿಂದ ಕರಗಿಹೋದ ಮಾಂಸ 0.95 ಕಿಲೋ. ಹತ್ತು ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ, ಯಾವ ಕಾಯಿಲೆಯೂ ಇಲ್ಲದೆ, ಬರೀ ಮಲಗಿದ್ದಕ್ಕೆ! ಕೆಜಿಎಫ್‌ನವರಿಗೆ ಒಂದು ಕಿಲೋ ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿನ್ನ ತೆಗೆದ ಮೇಲೆ ಉಳಿದು ಊರ ಸುತ್ತ ನಿಂತಿರುವ ಸೈನೈಡ್ ಗುಡ್ಡಗಳ ಪುಡಿ ಮಣ್ಣು ಸುಮಾರು 3 ಕೋಟಿ 30 ಲಕ್ಷ ಟನ್. ತೆಗೆದ ಚಿನ್ನಕ್ಕೆ ಇದನ್ನು ಹಂಚಿದರೆ ಒಂದು ಕಿಲೋ ಚಿನ್ನದ ಹಿಂದೆ 41 ಟನ್ ಮಣ್ಣು. ಅಷ್ಟು ಕಷ್ಟದ ಒಂದು ಕಿಲೋವನ್ನು ಯಾರಾದರೂ ಹತ್ತು ದಿನ ಮಲಗಿ ಕಳೆದುಕೊಂಡರೆ ಊರು ಸುಮ್ಮನಿರುತ್ತಿತ್ತೇ?

ಈಗ ತಕ್ಕಡಿಯ ಇನ್ನೊಂದು ತಟ್ಟೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಜೊತೆಗಾರರು 80 ದಾಟಿದ 233 ಅಜ್ಜಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗೆ ಫಿಸಿಯೋಥೆರಪಿಸ್ಟ್ ಹೋಗಿ ವ್ಯಾಯಾಮ ಕಲಿಸಿ ಬಂದರು, ಇನ್ನೊಂದು ಗುಂಪಿನವರ ಮನೆಗೂ ಭೇಟಿ ನಡೆಯಿತು, ಆದರೆ ಸುಮ್ಮನೆ ಮಾತಾಡಿಸಿ ಬರುವುದಕ್ಕೆ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಮಾತಿನ ಗುಂಪಿನವರು ಬಿದ್ದದ್ದು 152 ಸಲ, ವ್ಯಾಯಾಮದವರು 88 ಸಲ. ಅಷ್ಟೇ ಜನ, ಅದೇ ಊರು, ಅದೇ ಚಳಿ. 64 ಬೀಳು ಕಡಿಮೆ. ಮುಂದೆ ನಾಲ್ಕು ಪ್ರಯೋಗಗಳನ್ನು ಕೂಡಿಸಿ 65ರಿಂದ 97 ವರ್ಷದ 1,016 ಮಂದಿಯ ಲೆಕ್ಕ ತೆಗೆದಾಗ ಬೀಳುವುದು ನೂರಕ್ಕೆ 35ರಷ್ಟು ತಗ್ಗಿತ್ತು. 97!

ಇದಕ್ಕೆ ತಗುಲುವ ಸಮಯ ಎಷ್ಟು ಪುಟ್ಟದೆಂದರೆ ನಗು ಬರುತ್ತದೆ. 17 ವ್ಯಾಯಾಮ, ಐದು ಕಾಲಿನ ಬಲಕ್ಕೆ, ಹನ್ನೆರಡು ಸಮತೋಲಕ್ಕೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ವರ್ಷಕ್ಕೆ 78 ಗಂಟೆ. ವರ್ಷದಲ್ಲಿ ಇರುವುದು 8,760 ಗಂಟೆ, ಅದರಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ. ಮೆಗಾ ಧಾರಾವಾಹಿಗೆ ನಮ್ಮ ಮನೆಗಳು ಎತ್ತಿಡುವ ಸಮಯದ ಪಕ್ಕದಲ್ಲಿ ಇದನ್ನು ಇಟ್ಟು ನೋಡುವ ಧೈರ್ಯ ನನಗಿಲ್ಲ. ಫಿಸಿಯೋಥೆರಪಿಸ್ಟ್ ಮನೆಗೆ ಬರಬೇಕಾದದ್ದು ವರ್ಷದಲ್ಲಿ ಐದು ಸಲ. ಭೇಟಿಗೆ ಒಂದು ಗಂಟೆ ಹಿಡಿದರೂ ಒಟ್ಟು ಐದು ಗಂಟೆ: ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಟ್ರಾಫಿಕ್ಕಿನಲ್ಲಿ ಕೂತು, ವಾಪಸು ಬರುವಷ್ಟು.

ಆಂಡರ್ಸನ್‌ಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಣಿ ಲೈನುಗಳ ಸಾಲುಮನೆಯಂಥದು, ಚಿಕ್ಕದು. ನಡುಮನೆಯ ಗೋಡೆಗೆ ಒತ್ತಿ ಇಟ್ಟ ಒಂದು ಪ್ಲಾಸ್ಟಿಕ್ ಕುರ್ಚಿ, ಹಿಂದಕ್ಕೆ ಜಾರದಂತೆ. ತಾತನಿಗೆ ಎಂಬತ್ತರ ಹತ್ತಿರ. ಬಂದಿರುವ ಫಿಸಿಯೋಥೆರಪಿಸ್ಟ್ ಹುಡುಗಿ ಬ್ಯಾಗಿನಿಂದ ಒಂದು ಕಿಲೋ ತೂಕದ ಪಟ್ಟಿ ತೆಗೆದು ತಾತನ ಕಾಲ್ಗಂಟಿಗೆ ಸುತ್ತುತ್ತಾಳೆ. ಕೂತಲ್ಲೇ ಮಂಡಿ ನೆಟ್ಟಗೆ ಚಾಚಬೇಕು, ನಿಧಾನ ಇಳಿಸಬೇಕು. ಹತ್ತು ಸಲ. ಆರನೆಯದಕ್ಕೆ ತೊಡೆ ನಡುಗತೊಡಗುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಏಳುವ ಪಾಠ.

"ತಾತ, ಕೈ ಊರದೆ ಏಳಿ ನೋಡೋಣ."

"ಕೈ ಊರದೆ ಹೆಂಗಮ್ಮ ಏಳೋದು? ಸುರಂಗದಾಗೆ ಮಣಭಾರ ಹೊತ್ತವನು ನಾನು."

"ಹೊತ್ತಿದ್ದೀರಿ, ಗೊತ್ತು. ಈಗ ನಿಮ್ಮನ್ನೇ ನೀವು ಹೊತ್ತುಕೊಳ್ಳಿ. ಹಿಮ್ಮಡಿ ಹಿಂದಕ್ಕೆ ಎಳ್ಕೊಳ್ಳಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರ್ಲಿ, ಆಮೇಲೆ ಎದ್ದೇಳಿ."

ತಾತ ಮುಂದಕ್ಕೆ ಬಾಗುತ್ತಾರೆ, ಒಂದು ಗಳಿಗೆ ನಡುದಾರಿಯಲ್ಲಿ ನಿಲ್ಲುತ್ತಾರೆ, ಎದ್ದೇಬಿಡುತ್ತಾರೆ. ಹುಡುಗಿ ಮೊಬೈಲಿನಲ್ಲಿ ಮೂವತ್ತು ಸೆಕೆಂಡು ಇಟ್ಟು ಎಣಿಸುತ್ತಾಳೆ. 80ರಿಂದ 84ರ ಗಂಡಸರು ಅಷ್ಟರಲ್ಲಿ ಹತ್ತು ಸಲ ಎದ್ದು ಕೂರಬೇಕು, ಹೆಂಗಸರು ಒಂಬತ್ತು. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಅಳತೆ. ಇನ್ನೊಂದು ಅಳತೆಯೂ ಇದೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಜೋಕೆ. ಮೂರು ಮೀಟರ್ ನೇರ ದಾರಿ ಸಿಗಲು ಇಂಥ ಮನೆಯಲ್ಲಿ ಬಾಗಿಲು ತೆಗೆದು ಜಗಲಿಗೇ ಹೋಗಬೇಕಾದೀತು.

ಈ ಎದ್ದು ಕೂರುವುದರ ಗಣಿತ ನೋಡಿ. ಅಜ್ಜಿಯ ತೂಕ 50 ಕಿಲೋ ಇರಲಿ. ಬೆಳಿಗ್ಗೆ ಹತ್ತು, ಸಂಜೆ ಹತ್ತು, ಒಟ್ಟು ಇಪ್ಪತ್ತು ಸಲ ಎದ್ದರೆ ದಿನಕ್ಕೆ ಎತ್ತಿದ ಭಾರ ಒಂದು ಸಾವಿರ ಕಿಲೋ. ಒಂದು ಟನ್! ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದನ್ನು ಹೊರಲು ಐದು ಟನ್ ತೂಗುವ ಅಭಿಮನ್ಯುವಿನಂಥ ಆನೆ ಬೇಕು, ಅದಕ್ಕೆ ವಾರಗಟ್ಟಲೆ ತಾಲೀಮು ಬೇಕು, ನೋಡಲು ಲಕ್ಷಾಂತರ ಜನ ಬೇಕು. ಅಂಬಾರಿ ಹೊರುವುದು ವರ್ಷಕ್ಕೊಂದು ದಿನ. ಅಜ್ಜಿ ಅಂಬಾರಿಗಿಂತ ಹೆಚ್ಚಿನ ಭಾರವನ್ನು ದಿನಾ ಎತ್ತುತ್ತಾರೆ, ಅದೂ ರೇಡಿಯೊ ಕೇಳಿಕೊಂಡು. ವರ್ಷದ ಒಟ್ಟು 365 ಟನ್, ಅಭಿಮನ್ಯುವಿನಂಥ ಎಪ್ಪತ್ತಮೂರು ಆನೆ. ಮೊಣಕಾಲಿನ ಕೆಳಗಿನ ತೂಕ ಮೇಲೇಳುವುದಿಲ್ಲವಲ್ಲ ಎಂದು ಕೊಂಕು ತೆಗೆಯುವವರು ಹತ್ತು ಆನೆ ಕಳೆದುಕೊಳ್ಳಲಿ, ನನ್ನದೇನೂ ತಕರಾರಿಲ್ಲ.

ಎತ್ತರದ ಲೆಕ್ಕ ಇನ್ನೂ ಚೆನ್ನ. ಒಂದು ಸಲ ಎದ್ದರೆ ಮೈ ಸುಮಾರು 30 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಇಪ್ಪತ್ತು ಸಲಕ್ಕೆ 6 ಮೀಟರ್. ಚಾಂಪಿಯನ್ ರೀಫ್‌ನ ತಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ತಾತ ದಿನಕ್ಕೆ ಇಪ್ಪತ್ತರಂತೆ ಎದ್ದು ಎದ್ದು, ಕೇಜಿನ ಹಂಗಿಲ್ಲದೆ, ಒಂದೂವರೆ ವರ್ಷದಲ್ಲಿ ನೆಲದ ಮೇಲಕ್ಕೆ ಬಂದುಬಿಡುತ್ತಾರೆ.

ವ್ಯಾಯಾಮದ ಜೊತೆಗೆ ವಾರಕ್ಕೆ ಎರಡು ದಿನ ಅರ್ಧ ಗಂಟೆ ನಡಿಗೆಯೂ ಆ ಒಟಾಗೊ ಪದ್ಧತಿಯಲ್ಲಿದೆ. ಗಂಟೆಗೆ ಮೂರು ಕಿಲೋಮೀಟರಿನ ನಿಧಾನ ನಡಿಗೆ ಎಂದರೂ ವಾರಕ್ಕೆ ಮೂರು, ವರ್ಷಕ್ಕೆ 156 ಕಿಲೋಮೀಟರ್. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ತಂದ ತಂತಿಯ ಉದ್ದ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಲೋಕವೇ ಬೆರಗಾದ ದೂರ ಅದು, ಬೆಂಗಳೂರಿನ ಬೀದಿದೀಪಕ್ಕೆ ಇನ್ನೂ ಮೂರು ವರ್ಷ ಬಾಕಿಯಿತ್ತು. ಬೀದಿ ಕೊನೆಯ ಅಂಗಡಿಯವರೆಗೆ ಹೋಗಿ ಬರುವ ತಾತ ಒಂದು ವರ್ಷದಲ್ಲಿ ಆ ತಂತಿಯ ಉದ್ದವನ್ನು ನಡೆದು ಮುಗಿಸಿ, ಉಳಿದ ಒಂಬತ್ತು ಕಿಲೋಮೀಟರಿನಲ್ಲಿ ಬಂಗಾರಪೇಟೆಯ ಕಡೆಗೆ ಅರ್ಧ ದಾರಿ ಹೋಗಿರುತ್ತಾರೆ.

ನಿಲ್ಲುವುದಕ್ಕೂ ಅಂಕಿ ಇದೆ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಮಂದಿಗೆ ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ ಎಂದರು. ಐವರಲ್ಲಿ ಒಬ್ಬರಿಗೆ ಆಗಲಿಲ್ಲ. ವಯಸ್ಸು, ಕಾಯಿಲೆ ಎಲ್ಲ ಸರಿದೂಗಿಸಿ ನೋಡಿದ ಮೇಲೂ ಹಾಗೆ ಸೋತವರು ಮುಂದಿನ ಏಳು ವರ್ಷದಲ್ಲಿ ತೀರಿಕೊಳ್ಳುವ ಸಂಭವ ನೂರಕ್ಕೆ 84ರಷ್ಟು ಹೆಚ್ಚಿತ್ತು. 2022ರಲ್ಲಿ ಇದು ಪ್ರಕಟವಾದಾಗ ಊರೂರಲ್ಲಿ ಜನ ಕೊಕ್ಕರೆಯಂತೆ ನಿಂತು ನೋಡಿಕೊಂಡಿರಬೇಕು. ಹತ್ತು ಸೆಕೆಂಡು ಏಳು ವರ್ಷದ ಭವಿಷ್ಯ ಹೇಳುವುದೆಂದರೆ ಒಂದು ಸೆಕೆಂಡಿಗೆ ಎಂಟು ತಿಂಗಳ ಮೇಲೆ. ಯಾವ ಜ್ಯೋತಿಷಿಯ ದರವೂ ಇಷ್ಟು ಅಗ್ಗವಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಲಿಂಡಿ ಕ್ಲೆಮ್ಸನ್ ಮತ್ತು ಸಂಗಡಿಗರು ಇನ್ನೂ ಚುರುಕು: ವ್ಯಾಯಾಮಕ್ಕೆ ಪ್ರತ್ಯೇಕ ಹೊತ್ತೇ ಬೇಡ, ಮನೆಗೆಲಸದೊಳಗೇ ಬೆರೆಸಿ ಎಂದರು. 317 ಮಂದಿಯ ಪ್ರಯೋಗ, ಎಲ್ಲರೂ 70 ದಾಟಿದವರು. 2012ರ ಫಲಿತಾಂಶದಲ್ಲಿ ಬೀಳುವುದು ನೂರಕ್ಕೆ 31ರಷ್ಟು ತಗ್ಗಿತು. ಹಲ್ಲುಜ್ಜುವ ಎರಡು ನಿಮಿಷ ಬೇಸಿನ್ ಹಿಡಿದುಕೊಂಡು ಒಂದೊಂದು ಕಾಲಲ್ಲಿ ನಿಂತರೆ ವರ್ಷಕ್ಕೆ ಹನ್ನೆರಡು ಗಂಟೆಯ ಒಂಟಿಕಾಲು. ಪುರಾಣದಲ್ಲಿ ಇದಕ್ಕೆ ವರ ಕೊಡುತ್ತಿದ್ದರು.

ಇವೆಲ್ಲ ಅಲ್ಲೊಂದು ಇಲ್ಲೊಂದು ಪ್ರಯೋಗ ಎನ್ನುವವರಿಗೆ 2019ರ ಕಾಕ್ರೇನ್ ಪರಾಮರ್ಶೆಯಿದೆ: 25 ದೇಶ, 108 ಪ್ರಯೋಗ, 23,407 ಹಿರಿಯರು. ವ್ಯಾಯಾಮದಿಂದ ಬೀಳುವುದು ನೂರಕ್ಕೆ 23 ಕಡಿಮೆ. ಈ 23ನ್ನೇ ನಮ್ಮ ಊರಿಗೆ ತನ್ನಿ. 3,750 ಬೀಳುಗಳಲ್ಲಿ 862 ತಪ್ಪುತ್ತವೆ, ಗುಂಡಿ 733 ಮೀಟರ್ ಮುಚ್ಚುತ್ತದೆ. ಮೂರು ಜೋಗಕ್ಕೆ ತುಸು ಕಡಿಮೆ. ಎಷ್ಟು ಕೈ ಬೇಕು? ಒಬ್ಬ ಫಿಸಿಯೋಥೆರಪಿಸ್ಟ್ ದಿನಕ್ಕೆ ನಾಲ್ಕು ಮನೆಯಂತೆ 300 ದಿನ ಹೋದರೆ 1,200 ಭೇಟಿ. ತಲೆಗೆ ಐದರಂತೆ 240 ಹಿರಿಯರು. 15 ಸಾವಿರ ಮಂದಿಗೆ 63 ಫಿಸಿಯೋಥೆರಪಿಸ್ಟುಗಳು. ಗುಂಡಿ ತೋಡಲು 30 ಸಾವಿರ ಜನ ಬೇಕಾಗಿತ್ತು, ಇಷ್ಟು ಮುಚ್ಚಲು ಒಂದೇ ಒಂದು ಬಸ್ಸಿನಲ್ಲಿ ಸೀಟು ಹಿಡಿದು, ನಾಲ್ಕಾರು ಮಂದಿ ನಿಂತು ಬರುವಷ್ಟು.

ಮನೆಗೆ ಹೋಗುವ ದಾರಿ ಈ ಜಿಲ್ಲೆಗೆ ಹೊಸದೂ ಅಲ್ಲ. ಬಿಪಿ, ಸಕ್ಕರೆ ಕಾಯಿಲೆಗಳನ್ನು ಮನೆ ಬಾಗಿಲಲ್ಲೇ ಪರೀಕ್ಷಿಸುವ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಹೆಜ್ಜೆಯಿಟ್ಟದ್ದು ಕೋಲಾರದಲ್ಲೇ. ಇದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10 ಸಾವಿರ ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಒಂದು ಗ್ರಾಮೀಣ ತಾಲ್ಲೂಕಿನ ಮುಪ್ಪಿನ ಮೇಲೆ ಇಷ್ಟು ಕಣ್ಣು ನೆಟ್ಟಿರುವುದು ದೇಶದಲ್ಲಿ ಅಪರೂಪ. ಇಷ್ಟು ಬಾಗಿಲು ತಟ್ಟಿದ ಮೇಲೆ ಒಂದು ಕುರ್ಚಿ ಎಳೆದು "ಏಳಿ ನೋಡೋಣ" ಎನ್ನಲು ಎರಡು ನಿಮಿಷ ಹೆಚ್ಚಿಗೆ ಹಿಡಿದೀತು.

2011ರಲ್ಲಿ ದೇಶದ ಹಿರಿಯರು 10.4 ಕೋಟಿ. 2050ಕ್ಕೆ 34.7 ಕೋಟಿ ಆಗುತ್ತಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು, ಇವತ್ತಿನ ಕರ್ನಾಟಕದಂಥ ಐದು ರಾಜ್ಯ ತುಂಬಿ ಮಿಗುವಷ್ಟು. ಅರ್ಧ ಮೀಟರಿಗೊಬ್ಬರಂತೆ ಸಾಲು ನಿಂತರೆ ಸಾಲು ಭೂಮಿಯನ್ನು ನಾಲ್ಕು ಸುತ್ತು ಸುತ್ತಿ ಐದನೆಯದನ್ನು ಹಿಡಿಯುತ್ತದೆ. ಅಷ್ಟೂ ಮಂದಿ ದಿನಕ್ಕೆ ಇಪ್ಪತ್ತು ಸಲ ಕುರ್ಚಿಯಿಂದ ಎದ್ದು ಕೂತರು ಅನ್ನಿ. ತಲೆಗೆ ಒಂದು ಟನ್, ಒಟ್ಟು 34.7 ಕೋಟಿ ಟನ್. ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನೆಲ್ಲ ಬುಡಸಮೇತ ಹತ್ತೂವರೆ ಸಲ ಎತ್ತಿದಂತೆ. ಒಂದು ದಿನದಲ್ಲಿ. ಅದೂ ಇಡೀ ದಿನ ಬೇಡ, ಬೆಳಿಗ್ಗೆ ಒಂದು ನಿಮಿಷ, ಸಂಜೆ ಒಂದು ನಿಮಿಷ.